ರಾಡ್ ಹಾಕಿ ಏಳು ತಿಂಗಳಾಯ್ತು, ಮೂಳೆ ಇನ್ನೂ ಕೂಡಿಲ್ಲ: ಸೂಜಿಯಲ್ಲೇ ಆಗುತ್ತಾ, ಮತ್ತೆ ಕುಯ್ಯಲೇಬೇಕಾ?

ಕುಂಟುಕುದುರೆ (ಮಾರ್ಚ್ 9)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ. ಏಳು ತಿಂಗಳಿಂದ ಮನೆಯಲ್ಲಿ ಕೂತಿದ್ದೇನೆ, ನನ್ನ ಕಾಲಿನ ಕಥೆ ಕೇಳುವವರು ಮನೆಯಲ್ಲಿ ಯಾರೂ ಉಳಿದಿಲ್ಲ.

ಹೋದ ಆಗಸ್ಟ್‌ನಲ್ಲಿ ರಾತ್ರಿ ಹತ್ತೂವರೆಗೆ ಪೀಣ್ಯದಿಂದ ನಾಗರಭಾವಿ ಕಡೆ ಬರುತ್ತಿದ್ದೆ. ಮಳೆ ಬಂದು ರಸ್ತೆಯಲ್ಲಿ ನೀರು ನಿಂತಿತ್ತು. ನೀರಿನ ಕೆಳಗೆ ಗುಂಡಿ ಇದೆ ಅಂತ ಗೊತ್ತಾಗಿದ್ದು ಗಾಡಿ ನನ್ನ ಮೇಲೆ ಬಿದ್ದಮೇಲೆ. ಬಲಗಾಲಿನಲ್ಲಿ ಮೊಣಕಾಲಿಗೂ ಪಾದಕ್ಕೂ ಮಧ್ಯೆ ಎರಡೂ ಮೂಳೆ ಮುರಿದಿತ್ತು. ಮುಂದುಗಡೆ ಚರ್ಮ ಹರಿದು ಮೂಳೆಯ ತುದಿ ಹೊರಗೆ ಇಣುಕುತ್ತಿತ್ತು. ಅವತ್ತೇ ರಾತ್ರಿ ಗಾಯ ತೊಳೆದು, ಮಾರನೇ ದಿನ ದಪ್ಪ ಮೂಳೆಗೆ ರಾಡ್ ಹಾಕಿದರು. ಮೇಲೆ ಎರಡು ಸ್ಕ್ರೂ, ಕೆಳಗೆ ಎರಡು.

ಮೂರು ತಿಂಗಳಿಗೆ ಎಕ್ಸ್-ರೇ ನೋಡಿ "ಕಾಯೋಣ" ಅಂದರು. ಐದು ತಿಂಗಳಿಗೂ "ಕಾಯೋಣ". ಈಗ ಏಳು ತಿಂಗಳು, ಬಿರುಕು ಹಾಗೇ ಕಪ್ಪಗೆ ಕಾಣುತ್ತಿದೆ. ಒಬ್ಬ ಡಾಕ್ಟರು "ಮತ್ತೆ ತೆಗೆದು ಸೊಂಟದಿಂದ ಮೂಳೆ ಕೆರೆದು ತುಂಬಬೇಕು, ರಾಡ್ ಕೂಡ ದಪ್ಪದ್ದು ಬದಲಾಯಿಸೋಣ" ಅಂದರು. ಇನ್ನೊಬ್ಬರು "ಅಷ್ಟೆಲ್ಲ ಬೇಡ, ಸೊಂಟದ ಮೂಳೆಯಿಂದ ಸೂಜಿಯಲ್ಲಿ ಮಜ್ಜೆ (ಮೂಳೆಯೊಳಗಿನ ಮೆತ್ತನೆ ತಿರುಳು) ತೆಗೆದು ಮುರಿದ ಜಾಗಕ್ಕೆ ಚುಚ್ಚೋಣ, ಸಂಜೆಗೆ ಮನೆಗೆ ಹೋಗಬಹುದು" ಅಂದರು. ಇದರ ಮಧ್ಯೆ ಫೋನ್ ತೆಗೆದರೆ ಸಾಕು, ಸ್ಟೆಮ್ ಸೆಲ್ ಜಾಹೀರಾತು, ಆಪರೇಶನ್ ಇಲ್ಲದೇ ವಾಸಿ ಅಂತ. ಅಮ್ಮ ಮಾತ್ರ ಆಗಸ್ಟ್‌ನಿಂದ ಒಂದೇ ರಾಗ: ಪುತ್ತೂರು ಕಟ್ಟು ಹಾಕಿಸೋ.

ಯಾರಾದರೂ ಈ ಸೂಜಿ ದಾರಿಯಲ್ಲಿ ಹೋಗಿದ್ದೀರಾ? ನಿಜವಾಗಲೂ ಕೂಡುತ್ತಾ, ಇಲ್ಲಾ ಮತ್ತೆ ಮೂರು ತಿಂಗಳು ಕಾಯಿಸುವ ಇನ್ನೊಂದು ದಾರಿಯಾ?

ಗಾಂಧಿಬಜಾರ್ ದೋಸೆ

ಗುರು, ಮೊದಲು ಕಾಲು ಸೂಪ್ ಕುಡಿ. ತಮಾಷೆ ಅಲ್ಲ.

ಕುಂಟುಕುದುರೆ

ಏಳು ತಿಂಗಳಲ್ಲಿ ಎಷ್ಟು ಕುರಿಗಳ ಕಾಲು ಮುಗಿಸಿದ್ದೇನೆ ಅಂತ ಲೆಕ್ಕ ಇಟ್ಟಿಲ್ಲ ಸರ್. ನನ್ನದೊಂದು ಬಿಟ್ಟು ಎಲ್ಲರ ಕಾಲೂ ಆಯ್ತು.

ಸಂಜೆ ಫಿಸಿಯೋ

ನಾನು ಬಸವೇಶ್ವರನಗರದಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ, ಡಾಕ್ಟರ್ ಅಲ್ಲ. ಮೂರು ಪ್ರಶ್ನೆ ಕೇಳ್ತೀನಿ, ಸುಳ್ಳು ಹೇಳಬೇಡಿ. ಸಿಗರೇಟು ಸೇದುತ್ತೀರಾ? ಶುಗರ್ ಇದೆಯಾ? ಆ ಕಾಲಿನ ಮೇಲೆ ಈಗ ಎಷ್ಟು ಭಾರ ಹಾಕುತ್ತಿದ್ದೀರಿ?

ಕುಂಟುಕುದುರೆ

ಶುಗರ್ ಇಲ್ಲ. ಸಿಗರೇಟು ಮೊದಲು ದಿನಕ್ಕೆ ಹತ್ತು, ಈಗ ಮೂರು. ಭಾರದ ವಿಷಯ ಕೇಳಿದರೆ ನಾಚಿಕೆಯಾಗುತ್ತೆ. ಡಾಕ್ಟರು ಎರಡು ತಿಂಗಳಿಗೇ "ಊರಿ ನಡಿ" ಅಂದಿದ್ದರು. ಊರಿದಾಗ ನೋವಾಗುತ್ತೆ, ರಾಡ್ ಮುರಿದು ಹೋದರೆ ಅಂತ ಭಯ. ಹಾಗಾಗಿ ಎರಡು ಊರುಗೋಲು ಹಿಡಿದು ಬೆರಳು ತಾಗಿಸಿ ನಡೆಯುತ್ತೇನೆ ಅಷ್ಟೇ.

ಸಂಜೆ ಫಿಸಿಯೋ

ಹತ್ತರಿಂದ ಮೂರು ಅಂದರೆ ಮನೆಯವರು ಖುಷಿಪಡಬಹುದು, ಮೂಳೆ ಖುಷಿಪಡಲ್ಲ. ನಿಕೋಟಿನ್ ಸಣ್ಣ ರಕ್ತನಾಳಗಳನ್ನ ಬಿಗಿ ಮಾಡುತ್ತೆ. ಮೊಣಕಾಲಿನ ಕೆಳಗೆ ಮುಂಭಾಗದಲ್ಲಿ ಕೈ ಆಡಿಸಿ ನೋಡಿ, ಚರ್ಮದ ಕೆಳಗೇ ಮೂಳೆ, ಮಾಂಸವೇ ಇಲ್ಲ. ಮೊದಲೇ ರಕ್ತ ಬರೋದು ಕಡಿಮೆ ಇರುವ ಜಾಗ ಅದು. ಪೂರ್ತಿ ಬಿಡಿ.

ಎಲುಬುಗೂಡು (ಮಾರ್ಚ್ 10)

ಬೆಂಗಳೂರಿನಲ್ಲೇ ಮೂಳೆ ವಿಭಾಗದಲ್ಲಿ ಪಿಜಿ ಮಾಡುತ್ತಿದ್ದೇನೆ. ನಿಮ್ಮ ಎಕ್ಸ್-ರೇ ನೋಡದೆ ನಿಮ್ಮ ಕಾಲಿಗೆ ಏನು ಮಾಡಬೇಕು ಅಂತ ಹೇಳಲ್ಲ. ಆದರೆ ಇಬ್ಬರು ಡಾಕ್ಟರು ಎರಡು ತರ ಯಾಕೆ ಹೇಳಿದರು ಅನ್ನುವುದನ್ನ ಬಿಡಿಸಿ ಹೇಳಬಹುದು. ನೈಟ್ ಡ್ಯೂಟಿ ಮಧ್ಯೆ ಬರೆಯುತ್ತಿದ್ದೇನೆ, ಅಲ್ಲಲ್ಲಿ ದಾರಿ ತಪ್ಪಿದರೆ ಕ್ಷಮಿಸಿ.

ಮೂಳೆ ಮುರಿದ ಕೂಡಲೇ ಆ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತೆ. ಅದು ಕಸ ಅಲ್ಲ, ಅದೇ ಬೀಜ. ಅದರೊಳಗೆ ಮೊದಲು ಮೆತ್ತನೆ ಗಂಟು, ಆಮೇಲೆ ಗಟ್ಟಿ ಗಂಟು, ಆಮೇಲೆ ವರ್ಷಗಟ್ಟಲೆ ಅದನ್ನ ತಿದ್ದಿ ತೀಡುವ ಕೆಲಸ. ಅದಕ್ಕೇ ನಾವು ಈಗ ಮುರಿದ ಜಾಗವನ್ನ ಆದಷ್ಟು ತೆರೆಯದೆ, ಮೊಣಕಾಲಿನ ಹತ್ತಿರ ಸಣ್ಣದಾಗಿ ಕುಯ್ದು ಅಲ್ಲಿಂದ ರಾಡ್ ಇಳಿಸುತ್ತೇವೆ. ಜರ್ಮನಿಯ ಕುಂಟ್ಷರ್ ಅನ್ನುವವರು 1939ರಲ್ಲಿ ಇದನ್ನ ಶುರು ಮಾಡಿದರು. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯವರಿಗೆ ಸೆರೆಸಿಕ್ಕಿ ಬಿಡುಗಡೆಯಾಗಿ ಊರಿಗೆ ಬಂದ ಸೈನಿಕರ ತೊಡೆಯೊಳಗೆ ಉದ್ದದ ಕಬ್ಬಿಣ ನೋಡಿ ಆಚೆ ಕಡೆಯ ಡಾಕ್ಟರುಗಳು ಗಾಬರಿಯಾಗಿದ್ದರಂತೆ. ಇವತ್ತು ಅದೇ ಮಾಮೂಲಿ. ನಿಮ್ಮ ಕೇಸಲ್ಲಿ ಚರ್ಮ ಹರಿದು ಆ ಹೆಪ್ಪು ಹೊರಗೆ ಹೋಯ್ತು, ಉಳಿದಿದ್ದನ್ನ ನಾವು ತೊಳೆದೆವು. ಸೋಂಕು ಬರಬಾರದು ಅಂದರೆ ತೊಳೆಯಲೇಬೇಕು, ಬೇರೆ ದಾರಿ ಇಲ್ಲ. ಆದರೆ ಬೀಜವೂ ಜೊತೆಗೆ ಹೋಗುತ್ತೆ.

ಈಗ ಮುಖ್ಯ ವಿಷಯ. ಮೂಳೆ ಕೂಡದೇ ಇರುವುದಕ್ಕೆ ಒಂದೇ ಕಾರಣ ಇರಲ್ಲ. ಕೆಲವರ ಎಕ್ಸ್-ರೇ ನೋಡಿದರೆ ಮುರಿದ ಜಾಗದ ಎರಡೂ ಕಡೆ ಮೂಳೆ ಊದಿಕೊಂಡು ಆನೆ ಪಾದದ ತರ ಕಾಣುತ್ತೆ. ಅಲ್ಲಿ ಮೂಳೆ ಕೆಲಸ ಮಾಡುತ್ತಿದೆ, ಆದರೆ ಜಾಗ ಅಲ್ಲಾಡುತ್ತಿದೆ. ಅದಕ್ಕೆ ಏನು ಚುಚ್ಚಿದರೂ ದಂಡ, ಬಿಗಿ ಮಾಡಬೇಕು ಅಷ್ಟೇ. ಇನ್ನು ಕೆಲವರದ್ದು ತುದಿಗಳು ಪೆನ್ಸಿಲ್ ತರ ಚೂಪಾಗಿ ಸುತ್ತ ಏನೂ ಬೆಳೆದಿರಲ್ಲ. ಅಲ್ಲಿ ಬಿಗಿ ಎಷ್ಟಿದ್ದರೂ ಬೀಜವಿಲ್ಲ. ಮಜ್ಜೆ ಚುಚ್ಚುವುದು ಈ ಎರಡನೇ ತರದವರಿಗೆ. ಅದೂ ರಾಡ್ ಸಡಿಲ ಇರಬಾರದು, ಮೂಳೆ ನೇರ ಇರಬೇಕು, ಮಧ್ಯೆ ದೊಡ್ಡ ಸಂದು ಇರಬಾರದು, ಸೋಂಕು ಇರಲೇಬಾರದು.

ಸೋಂಕಿನ ಬಗ್ಗೆ ಜಾಸ್ತಿ ಒತ್ತಿ ಹೇಳುತ್ತೇನೆ. ಚರ್ಮ ಹರಿದು ಮುರಿದ ಮೂಳೆಯಲ್ಲಿ ಜ್ವರ, ಕೀವು ಏನೂ ಇಲ್ಲದೆ ಒಳಗೊಳಗೇ ಸೋಂಕು ಇರಬಹುದು. ಇಎಸ್ಆರ್, ಸಿಆರ್‌ಪಿ ಅಂತ ರಕ್ತ ಪರೀಕ್ಷೆ ಮಾಡಿಸಿದ್ದಾರಾ? ವಿಟಮಿನ್ ಡಿ? ಬಿಸಿಲಿನ ಊರಲ್ಲಿದ್ದೂ ವಿಟಮಿನ್ ಡಿ ಕಮ್ಮಿ ಇರುವವರನ್ನ ನಾವು ದಿನಾ ನೋಡುತ್ತೇವೆ.

ಸೂಜಿ ಕೆಲಸ ಮಾಡುತ್ತಾ ಅಂದರೆ, ಸರಿಯಾದ ಕೇಸಿನಲ್ಲಿ ಮಾಡುತ್ತೆ. ಫ್ರಾನ್ಸ್‌ನ ಎರ್ನಿಗೂ ತಂಡ 2005ರಲ್ಲಿ ಪ್ರಕಟಿಸಿದ್ದರಲ್ಲಿ, ನಿಮ್ಮ ಹಾಗೇ ಮೊಣಕಾಲಿನ ಕೆಳಗಿನ ದಪ್ಪ ಮೂಳೆ ಕೂಡದ 60 ಜನರಿಗೆ ಮಜ್ಜೆ ಚುಚ್ಚಿದ್ದರು, 53 ಜನರಿಗೆ ಕೂಡಿತು. ಕೂಡದ ಏಳು ಜನರಿಗೆ ಚುಚ್ಚಿದ ಮಜ್ಜೆಯಲ್ಲಿ ಮೂಳೆ ಹುಟ್ಟಿಸುವ ಕಣಗಳೇ ಕಮ್ಮಿ ಇದ್ದವು. ಅಂದರೆ ಎಷ್ಟು ಎಂಎಲ್ ಚುಚ್ಚಿದರು ಅನ್ನುವುದಕ್ಕಿಂತ ಅದರಲ್ಲಿ ಏನಿತ್ತು ಅನ್ನುವುದು ಮುಖ್ಯ. ಒಂದೇ ಜಾಗದಿಂದ ಒಂದೇ ಸಲ ಜಾಸ್ತಿ ಎಳೆದರೆ ಬರುವುದು ಬರೀ ರಕ್ತ. ಸ್ವಲ್ಪ ಸ್ವಲ್ಪ ಎಳೆದು ಸೂಜಿಯ ಜಾಗ ಬದಲಾಯಿಸುತ್ತಾ ಹೋಗಬೇಕು, ಆಮೇಲೆ ಯಂತ್ರದಲ್ಲಿ ತಿರುಗಿಸಿ ಗಟ್ಟಿ ಭಾಗ ಮಾತ್ರ ತೆಗೆದುಕೊಳ್ಳಬೇಕು. ಆ ಅಧ್ಯಯನದಲ್ಲಿ ಇನ್ನೊಂದು ಗುಂಪಿಗೆ ಏನೂ ಚುಚ್ಚದೆ ಹೋಲಿಸಿ ನೋಡಿರಲಿಲ್ಲ, ಅದನ್ನೂ ನೆನಪಿಡಿ.

ಗಾಂಧಿಬಜಾರ್ ದೋಸೆ

ಡಾಕ್ಟ್ರೇ, ನಮ್ಮ ಬಾವನಿಗೆ ಚುಚ್ಚೋದೂ ಇಲ್ಲದೆ ಒಂದು ಮಿಷನ್ ಕೊಟ್ಟಿದ್ದರು. ದಿನಾ 20 ನಿಮಿಷ ಜೆಲ್ ಹಚ್ಚಿ ಕಾಲಿಗೆ ಇಟ್ಟುಕೊಂಡು ಟೀವಿ ನೋಡೋದು. ಅಲ್ಟ್ರಾಸೌಂಡ್ ಅಂತೆ. ಅವರಿಗೆ ಕೂಡ್ತು. ಅದು ಯಾಕೆ ಬೇಡ?

ಎಲುಬುಗೂಡು

ಬಾವನಿಗೆ ಕೂಡಿದ್ದು ಸಂತೋಷ. ಮಿಷನ್ ಇಲ್ಲದಿದ್ದರೂ ಕೂಡುತ್ತಿತ್ತಾ ಅನ್ನುವುದು ಪ್ರಶ್ನೆ. ಅಮೆರಿಕದಲ್ಲಿ ಅದಕ್ಕೆ 1994ರಲ್ಲೇ ಅನುಮತಿ ಸಿಕ್ಕಿತ್ತು, ತುಂಬಾ ಜನ ಬಳಸಿದರು. ಆಮೇಲೆ 2016ರಲ್ಲಿ ಟ್ರಸ್ಟ್ ಅನ್ನುವ ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಇದೇ ಮೂಳೆ ಮುರಿದು ರಾಡ್ ಹಾಕಿಸಿಕೊಂಡ 501 ಜನ. ಅರ್ಧ ಜನಕ್ಕೆ ನಿಜವಾದ ಮಿಷನ್, ಅರ್ಧ ಜನಕ್ಕೆ ಹಾಗೇ ಕಾಣುವ, ಆದರೆ ಅಲೆ ಹೊರಡಿಸದ ಡಮ್ಮಿ. ಮೂಳೆ ಕೂಡಿದ್ದರಲ್ಲೂ ವ್ಯತ್ಯಾಸ ಇಲ್ಲ, ಕೆಲಸಕ್ಕೆ ವಾಪಸ್ ಹೋಗಿದ್ದರಲ್ಲೂ ಇಲ್ಲ. ಅದು ಹೊಸದಾಗಿ ಮುರಿದವರ ಲೆಕ್ಕ. ತಿಂಗಳುಗಟ್ಟಲೆ ಕೂಡದೇ ಉಳಿದವರ ವಿಷಯದಲ್ಲಿ ಇನ್ನೂ ವಾದ ನಡೆಯುತ್ತಿದೆ. ತೊಂದರೆ ಏನೂ ಇಲ್ಲ, ಜೇಬಿಗೆ ಬಿಟ್ಟರೆ.

ರಿಂಗ್ ರೋಡ್ ರಾಜ

ಹೆಸರು ನೋಡಿ ಹೆಬ್ಬಾಳ, ಸಿಲ್ಕ್ ಬೋರ್ಡ್ ಅಂದ್ಕೋಬೇಡಿ. ನನ್ನ ಕಾಲಿಗೆ ಒಂಬತ್ತು ತಿಂಗಳು ರಿಂಗ್ ಇತ್ತು, ಆ ರಿಂಗು. ಇಲಿಝರೋವ್ ಅನ್ನುವ ಡಾಕ್ಟರ ಹೆಸರಿನದ್ದು.

ಕುದುರೆ ಅಣ್ಣ, ಸಣ್ಣ ತೂತು ಅಂದರೆ ಸಣ್ಣ ಕಷ್ಟ ಅಂತ ಅಂದ್ಕೋಬೇಡಿ, ಅದನ್ನ ಹೇಳೋಕೆ ಬಂದೆ. ನನಗೂ ಕುಯ್ದಿದ್ದು ಕಮ್ಮಿಯೇ. ತೆಳ್ಳಗಿನ ತಂತಿಗಳನ್ನ ಚರ್ಮದ ಮೂಲಕ ಮೂಳೆಗೆ ತೂರಿಸಿ, ಸೈಕಲ್ ಚಕ್ರದ ಕಡ್ಡಿ ತರ ಬಿಗಿದು ಹೊರಗಡೆ ರಿಂಗ್‌ಗೆ ಕಟ್ಟುತ್ತಾರೆ. ಸೋಂಕಾಗಿ ಕೆಟ್ಟುಹೋದ ನಾಲ್ಕು ಸೆಂಟಿಮೀಟರ್ ಮೂಳೆ ತೆಗೆದುಬಿಟ್ಟಿದ್ದರು. ಅಷ್ಟನ್ನ ಮತ್ತೆ ಬೆಳೆಸಬೇಕು. ಮೇಲೆ ಒಂದು ಕಡೆ ಮೂಳೆಯನ್ನ ಅವರೇ ಹುಷಾರಾಗಿ ಮುರಿದು, ಆ ತುಂಡನ್ನ ದಿನಕ್ಕೆ ಒಂದು ಮಿಲಿಮೀಟರ್ ಕೆಳಗೆ ಜರುಗಿಸೋದು. ಒಂದು ಮಿಲಿಮೀಟರ್ ಅಂದರೂ ಒಂದೇ ಸಲ ಅಲ್ಲ, ನಾಲ್ಕು ಸಲ, ಕಾಲು ಕಾಲು ಮಿಲಿಮೀಟರ್. ಬೆಳಿಗ್ಗೆ ಆರಕ್ಕೆ, ಹನ್ನೆರಡಕ್ಕೆ, ಸಂಜೆ ಆರಕ್ಕೆ, ಮಲಗುವಾಗ. ಹತ್ತನೇ ನಂಬರ್ ಸ್ಪ್ಯಾನರ್ ಹಿಡಿದು ನಟ್ ತಿರುಗಿಸೋದು. ಯಾರು ಅಂತೀರಾ? ನನ್ನ ಹೆಂಡತಿ. ಹಿಂದೆ ಸಿಗುವ ಜಾಗದಲ್ಲಿ ಮೂಳೆ ತಾನೇ ಬೆಳೆಯುತ್ತಾ ಹೋಗುತ್ತೆ. ನಲವತ್ತು ದಿನ ಅದು, ಆಮೇಲೆ ಬೆಳೆದಿದ್ದು ಗಟ್ಟಿಯಾಗೋವರೆಗೆ ಕಾಯೋದು. ಆ ರಷ್ಯಾದ ಡಾಕ್ಟರು ಸೈಬೀರಿಯಾದ ಕುರ್ಗಾನ್ ಅನ್ನುವ ಊರಲ್ಲಿ ಕೂತು ಇದನ್ನ ಕಂಡುಹಿಡಿದಿದ್ದು. ಅವರನ್ನ ಬೈಯೋಣ ಅನ್ನಿಸಿದ ದಿನವೂ ಇದೆ, ಕೈ ಮುಗಿಯೋಣ ಅನ್ನಿಸಿದ ದಿನವೂ ಇದೆ.

ಪ್ಯಾಂಟ್ ಇಲ್ಲ, ಲುಂಗಿಯೇ. ತಂತಿ ಹೋಗುವ ಪ್ರತಿ ತೂತನ್ನೂ ದಿನಾ ಒರೆಸಬೇಕು, ಒಂದು ದಿನ ಬಿಟ್ಟರೆ ಕೆಂಪಗಾಗಿ ನೀರು ಸೋರುತ್ತೆ. ಆಟೋದವರು ರಿಂಗ್ ನೋಡಿ ಮೀಟರ್ ಹಾಕಿದ್ದರು, ಅದೊಂದೇ ಲಾಭ.

ನಿಮಗೆ ಸೋಂಕಿಲ್ಲ ಅಂತ ಗ್ಯಾರಂಟಿ ಮಾಡಿಕೊಂಡು ಮುಂದೆ ಹೋಗಿ. ನನಗೆ ಮೊದಲ ಸಲ ಆ ಪರೀಕ್ಷೆ ಮಾಡಿಸದೆ ಏನೇನೋ ಚುಚ್ಚಿ ಆರು ತಿಂಗಳು ಕಳೆದರು. ಎಲ್ಲಿ ಅಂತ ಕೇಳಬೇಡಿ.

ಸುಮ್ನೆ ಓದೋನು

ಇಷ್ಟೆಲ್ಲ ಓದಿದಮೇಲೆ ಒಂದು ಮಾತು. ನಮ್ಮ ತಾತ ಮರದಿಂದ ಬಿದ್ದು ಮುಂಗೈ ಮುರಿದಾಗ ಕಟ್ಟು ಹಾಕಿಸಿದ್ದರು. ಸೊಪ್ಪು, ಮೊಟ್ಟೆ, ಬಿದಿರಿನ ದಬ್ಬೆ. ಒಂದೂವರೆ ತಿಂಗಳಿಗೆ ಕೂಡ್ತು, ಎಂಬತ್ತರವರೆಗೂ ಅದೇ ಕೈಯಲ್ಲಿ ಮುದ್ದೆ ತಿರುವಿದರು. ಅದಕ್ಕಿಂತ ಕಮ್ಮಿ ಕುಯ್ಯುವ ಚಿಕಿತ್ಸೆ ಯಾವುದಿದೆ ಸ್ವಾಮಿ?

ಎಲುಬುಗೂಡು

ನಿಜ, ಅದು ಸುಳ್ಳು ಅಂತ ನಾನು ಹೇಳಲ್ಲ. ಮುಂಗೈ ಮೂಳೆ ಜಾಗ ತಪ್ಪದೆ ಮುರಿದಿದ್ದರೆ, ಅಲ್ಲಾಡದ ಹಾಗೆ ಹಿಡಿದಿಟ್ಟರೆ ತಾನೇ ಕೂಡುತ್ತೆ. ಹಿಡಿದಿಡುವುದು ದಬ್ಬೆಯಾದರೂ ಒಂದೇ, ಪ್ಲಾಸ್ಟರ್ ಆದರೂ ಒಂದೇ. ಗೆದ್ದಿದ್ದು ದಬ್ಬೆ, ಹೆಸರು ಬಂದಿದ್ದು ಸೊಪ್ಪಿಗೆ. ಆದರೆ ಕಟ್ಟು ಬಿಗಿಯಾಗಿ ಬೆರಳು ಕಪ್ಪಾಗಿ ಬರುವ ಮಕ್ಕಳನ್ನೂ ನಾವು ನೋಡುತ್ತೇವೆ. ಬೆರಳು ತಣ್ಣಗಾದರೆ, ಜೋಮು ಹಿಡಿದರೆ, ಬೆರಳು ಹಿಂದಕ್ಕೆ ಎಳೆದಾಗ ಪ್ರಾಣ ಹೋಗುವಷ್ಟು ನೋವಾದರೆ ಅರ್ಧ ಗಂಟೆಯೂ ಕಾಯಬಾರದು, ಕಟ್ಟು ಬಿಚ್ಚಿ ಆಸ್ಪತ್ರೆಗೆ ಓಡಬೇಕು. ನಮ್ಮ ಪ್ಲಾಸ್ಟರ್ ಹಾಕಿದ್ದರೂ ಇದೇ ಮಾತು.

ಇನ್ನು ಇವರ ಕಾಲಿನಲ್ಲಿ ಒಳಗೇ ರಾಡ್ ಇದೆ. ಮೇಲಿನಿಂದ ದಬ್ಬೆ ಕಟ್ಟಿ ಏನು ಹಿಡಿದಿಡುತ್ತೀರಿ?

ಸುಮ್ನೆ ಓದೋನು

ಅದೂ ಸರಿ ಅನ್ನಿ. ಕುದುರೆಯವರ ಅಮ್ಮನಿಗೆ ಯಾರು ಹೇಳ್ತಾರೆ ಅಷ್ಟೇ ಈಗ.

ವಿಜಯನಗರ ಅಕ್ಕ (ಮಾರ್ಚ್ 12)

ಮಧ್ಯದಲ್ಲಿ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ತಾಯಿಗೆ 74. ಬಚ್ಚಲಲ್ಲಿ ಬಿಂದಿಗೆ ಎತ್ತಿದ್ದೇ ನೆಪ, ಬೆನ್ನಿನ ಮೂಳೆ ಕುಸಿದಿದೆ ಅಂದರು. ಬೀಳಲೂ ಇಲ್ಲ ನೋಡಿ. ಸೂಜಿಯಲ್ಲಿ ಸಿಮೆಂಟ್ ತುಂಬಿದರೆ ಮಾರನೇ ದಿನವೇ ಎದ್ದು ಓಡಾಡುತ್ತಾರೆ ಅನ್ನುತ್ತಿದ್ದಾರೆ. ಮೂಳೆ ಕೂಡೋಕೆ ಇದೂ ಸೂಜಿಯದ್ದೇ ಚಿಕಿತ್ಸೆ ಅಲ್ವಾ?

ಎಲುಬುಗೂಡು

ಸೂಜಿ ಹೌದು ಅಕ್ಕ, ಕೂಡಿಸುವುದು ಅಲ್ಲ. ಆ ಸಿಮೆಂಟ್ ಒಂದು ತರದ ಅಕ್ರಿಲಿಕ್, ಹಲ್ಲಿನ ಸೆಟ್ ಮಾಡುವ ಜಾತಿಯದ್ದೇ. ಕುಸಿದ ಮೂಳೆಯ ಒಳಗೆ ಹೋಗಿ ಕೆಲವೇ ನಿಮಿಷದಲ್ಲಿ ಗಟ್ಟಿಯಾಗುತ್ತೆ, ಒಳಗೆ ಆಸರೆ ಕೊಡುತ್ತೆ. ಫ್ರಾನ್ಸ್‌ನಲ್ಲಿ 1984ರಲ್ಲಿ ಶುರುವಾಗಿದ್ದು. 2009ರಲ್ಲಿ ಎರಡು ಪ್ರಯೋಗಗಳಲ್ಲಿ ಕೆಲವರಿಗೆ ಸಿಮೆಂಟ್ ಹಾಕಿ, ಇನ್ನು ಕೆಲವರಿಗೆ ಹಾಕಿದ ಹಾಗೆ ನಾಟಕ ಮಾಡಿ ನೋಡಿದರು, ಸಿಮೆಂಟಿನ ವಾಸನೆಯನ್ನೂ ಬರಿಸಿ. ನೋವು ಎರಡೂ ಗುಂಪಿನಲ್ಲಿ ಒಂದೇ ತರ ಇಳಿಯಿತು. ಹಾಗಂತ ಯಾರಿಗೂ ಬೇಡ ಅಂತಲ್ಲ. ಹಾಸಿಗೆಯಿಂದ ಏಳಲಾಗದಷ್ಟು ನೋವಿದ್ದು ಮಾತ್ರೆ, ಬೆಲ್ಟು ಯಾವುದಕ್ಕೂ ಜಗ್ಗದಿದ್ದರೆ ಯೋಚಿಸುತ್ತಾರೆ. ಅವಸರ ಬೇಡ.

ಅದಕ್ಕಿಂತ ದೊಡ್ಡ ವಿಷಯ ಬಿಂದಿಗೆ. ಬಿಂದಿಗೆ ಎತ್ತಿದ್ದಕ್ಕೇ ಬೆನ್ನುಮೂಳೆ ಕುಸಿದಿದೆ ಅಂದರೆ ಮೂಳೆಯೇ ಟೊಳ್ಳಾಗಿದೆ. ಮೂಳೆ ಎಷ್ಟು ಗಟ್ಟಿ ಇದೆ ಅಂತ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿ ಅದಕ್ಕೆ ಔಷಧ ಶುರು ಮಾಡಿಸಿ. ಟೆರಿಪ್ಯಾರಟೈಡ್ ಅಂತ ದಿನಾ ಹೊಟ್ಟೆಗೆ ಇನ್ಸುಲಿನ್ ತರ ಚುಚ್ಚಿಕೊಳ್ಳುವ ಪೆನ್ ಇದೆ, ಬೇರೆಯದೂ ಇವೆ, ಯಾವುದು ಅವರಿಗೆ ಸರಿ ಅಂತ ಡಾಕ್ಟರ್ ಹೇಳಬೇಕು. ಅದನ್ನ ಬಿಟ್ಟು ಬರೀ ಸಿಮೆಂಟ್ ತುಂಬಿದರೆ ಆರು ತಿಂಗಳಿಗೆ ಪಕ್ಕದ ಮೂಳೆ ಹಿಡಿದುಕೊಂಡು ಬರುತ್ತೀರಿ.

ವಿಜಯನಗರ ಅಕ್ಕ

ಡೆಕ್ಸಾ ಹೆಸರೇ ಯಾರೂ ಎತ್ತಿರಲಿಲ್ಲಪ್ಪ. ತುಂಬಾ ಉಪಕಾರವಾಯ್ತು. ನನಗೂ ಒಂದು ಮಾಡಿಸಿಕೊಳ್ಳುತ್ತೇನೆ, 51 ಆಯ್ತು.

ಮಲ್ಲೇಶ್ವರ ಮಿಡಲ್ ಕ್ಲಾಸ್

ದುಡ್ಡಿನ ವಿಷಯ ಯಾರೂ ಮಾತಾಡುತ್ತಿಲ್ಲ, ನಾನೇ ಕೆಟ್ಟವನಾಗ್ತೀನಿ. ನಮ್ಮ ಅಣ್ಣನಿಗೆ ತೊಡೆಗೆ ಇದೇ ಮಜ್ಜೆ ಚಿಕಿತ್ಸೆ ವಿಚಾರಿಸಿದಾಗ ಒಂದು ಕಡೆ ಹೇಳಿದ್ದಕ್ಕೂ ಇನ್ನೊಂದು ಕಡೆ ಹೇಳಿದ್ದಕ್ಕೂ ಮೂರು ಪಟ್ಟು ವ್ಯತ್ಯಾಸ. ಜಾಸ್ತಿ ಹೇಳಿದ ಕಡೆ ಚೀಟಿಯಲ್ಲಿ "ಸ್ಟೆಮ್ ಸೆಲ್ ಥೆರಪಿ" ಅಂತಿತ್ತು, ಕಮ್ಮಿ ಹೇಳಿದ ಕಡೆ "ಬೋನ್ ಮ್ಯಾರೋ ಇಂಜೆಕ್ಷನ್" ಅಂತಿತ್ತು. ಎರಡೂ ಕಡೆ ಸೊಂಟ ಒಂದೇ, ಸೂಜಿ ಒಂದೇ! ಇನ್ಶೂರೆನ್ಸ್‌ನವರು ಸ್ಟೆಮ್ ಸೆಲ್ ಅನ್ನುವ ಪದ ಕಂಡ ಕೂಡಲೇ ಪ್ರಯೋಗ ಅಂತ ಹೇಳಿ ಕೈ ಎತ್ತಿದರು. ಮೊದಲೇ ಬರೆದು ಕೇಳಿ ಒಪ್ಪಿಗೆ ತಗೊಳ್ಳಿ. ಅಡ್ಮಿಟ್ ಆದಮೇಲೆ ಜಗಳ ಆಡೋಕೆ ಆಗಲ್ಲ.

ಎಲುಬುಗೂಡು

ಒಳ್ಳೆ ಮಾತು. ಐಸಿಎಂಆರ್ (ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯ ಪ್ರಕಾರ ರಕ್ತಕ್ಕೆ ಸಂಬಂಧಿಸಿದ ಕೆಲವು ಕಾಯಿಲೆ ಬಿಟ್ಟರೆ ಉಳಿದ ಕಡೆ ಸ್ಟೆಮ್ ಸೆಲ್ ಅನ್ನುವುದು ಇನ್ನೂ ಪ್ರಯೋಗದ ಹಂತದ್ದು, ಮಾಮೂಲಿ ಚಿಕಿತ್ಸೆ ಅಂತ ಮಾರುವ ಹಾಗಿಲ್ಲ. ಅದಕ್ಕೇ ಏನು ತೆಗೆಯುತ್ತಾರೆ, ಅದಕ್ಕೆ ಏನು ಮಾಡುತ್ತಾರೆ, ಎಲ್ಲಿಗೆ ಚುಚ್ಚುತ್ತಾರೆ ಅಂತ ಬಿಡಿಸಿ ಕೇಳಿ. ಲ್ಯಾಬಿನಲ್ಲಿ ಬೆಳೆಸಿದ ಕಣ, ಬೇರೆಯವರ ಕಣ, ಪ್ಯಾಕೇಜ್ ಅಂತ ಮಾತು ಬಂದರೆ ಎದ್ದು ಬನ್ನಿ.

ಎರಡನೇ ಅಭಿಪ್ರಾಯ ಬೇಕಿದ್ದರೆ ಜಯನಗರದ ಬೈರಸಂದ್ರದಲ್ಲಿ ಸಂಜಯ್ ಗಾಂಧಿ ಆಸ್ಪತ್ರೆ ಇದೆ, ಸರ್ಕಾರದ್ದು, ಮೂಳೆಗೆ ಅಂತಲೇ ಇರುವುದು. ಹಳೆಯ ಎಲ್ಲ ಎಕ್ಸ್-ರೇ ಸಾಲಾಗಿ ತಗೊಂಡು ಹೋಗಿ. ಬರೀ ಕೊನೆಯದ್ದಲ್ಲ, ಎಲ್ಲ. ಮೂಳೆ ನಿಂತಿದೆಯಾ, ನಿಧಾನಕ್ಕೆ ನಡೀತಿದೆಯಾ ಅಂತ ಒಂದೇ ಫಿಲಂ ನೋಡಿ ಗೊತ್ತಾಗಲ್ಲ. ಅಮೆರಿಕದ ಎಫ್‌ಡಿಎ (ಔಷಧ, ಉಪಕರಣಗಳಿಗೆ ಅನುಮತಿ ಕೊಡುವ ಸಂಸ್ಥೆ) ಲೆಕ್ಕದಲ್ಲಿ ಒಂಬತ್ತು ತಿಂಗಳಾಗಿ, ಕೊನೆಯ ಮೂರು ತಿಂಗಳು ಏನೂ ಬದಲಾವಣೆ ಕಾಣದಿದ್ದರೆ ಮಾತ್ರ ಕೂಡಿಲ್ಲ ಅನ್ನೋದು. ನೀವು ಇನ್ನೂ ಏಳರಲ್ಲಿದ್ದೀರಿ.

ಕುಂಟುಕುದುರೆ (ಏಪ್ರಿಲ್ 21)

ಎಲ್ಲಿ ಹೋದ ಅಂತ ಬೈಕೊಂಡಿರ್ತೀರಿ. ಒಂದೊಂದಾಗಿ ಹೇಳುತ್ತೇನೆ.

ಸಿಗರೇಟು ಬಿಟ್ಟು 40 ದಿನ ಆಯ್ತು. ಸುಮ್ನೆ ಹೇಳುತ್ತಿಲ್ಲ, ಹೆಂಡತಿ ಇದನ್ನ ಓದುತ್ತಾಳೆ.

ರಕ್ತ ಪರೀಕ್ಷೆಯಲ್ಲಿ ಸೋಂಕಿನ ಲಕ್ಷಣ ಇಲ್ಲ. ವಿಟಮಿನ್ ಡಿ ಪಾತಾಳದಲ್ಲಿತ್ತು, ವಾರಕ್ಕೊಂದು ಸ್ಯಾಶೆ ಕೊಟ್ಟಿದ್ದಾರೆ. ಎಲ್ಲ ಎಕ್ಸ್-ರೇ ಹಿಡಿದು ಮೂರನೇ ಡಾಕ್ಟರ ಹತ್ತಿರ ಹೋದೆ. ಅವರು ಆರೂ ಫಿಲಂ ಒಟ್ಟಿಗೆ ಹಲಗೆ ಮೇಲೆ ಸಿಕ್ಕಿಸಿ ಐದು ನಿಮಿಷ ಮಾತೇ ಆಡಲಿಲ್ಲ. ಆಮೇಲೆ ಪೆನ್ನಿನಲ್ಲಿ ತೋರಿಸಿದರು, ಪಕ್ಕದ ತೆಳು ಮೂಳೆ ಯಾವಾಗಲೋ ಕೂಡಿಕೊಂಡುಬಿಟ್ಟಿದೆ. ಅದು ಕಂಬದ ತರ ನಿಂತು ದಪ್ಪ ಮೂಳೆಯ ಎರಡು ತುದಿ ಒಂದಕ್ಕೊಂದು ಒತ್ತದ ಹಾಗೆ ತಡೆಯುತ್ತಿದೆ. ಮೇಲಿನ ಕೆಳಗಿನ ಸ್ಕ್ರೂಗಳೂ ಅದನ್ನೇ ಮಾಡುತ್ತಿವೆ. "ನೀವೂ ಊರಿ ನಡೆಯಲ್ಲ. ಪಾಪ, ಮೂಳೆಗೆ ಯಾರೂ ಕೆಲಸವನ್ನೇ ಕೊಟ್ಟಿಲ್ಲ" ಅಂದರು. ಸಿಟಿ ಸ್ಕ್ಯಾನ್‌ನಲ್ಲಿ ಒಂದು ಬದಿಯಲ್ಲಿ ಮಾತ್ರ ದಾರದಷ್ಟು ಸೇತುವೆ ಕಂಡಿತು. ಸುತ್ತ ಬೆಳೆದಿದ್ದು ಕಮ್ಮಿ.

ಕೊನೆಗೆ ಮಾಡಿದ್ದು ಒಂದೇ ಕೂರಿಕೆಯಲ್ಲಿ ಎರಡು ಕೆಲಸ. ಮೇಲಿನ ಎರಡು ಸ್ಕ್ರೂನಲ್ಲಿ ಗಟ್ಟಿಯಾಗಿ ಹಿಡಿದಿದ್ದ ಒಂದನ್ನ ತೆಗೆದರು. ಇನ್ನೊಂದು ರಾಡಿನ ಉದ್ದನೆಯ ತೂತಿನಲ್ಲಿದೆ, ನಡೆದಾಗ ಅಷ್ಟೇ ಅಷ್ಟು ಜಾರುತ್ತೆ, ತುದಿಗಳು ಒತ್ತಿಕೊಳ್ಳುತ್ತವೆ. ಜೊತೆಗೆ ಸೊಂಟದಿಂದ ಮಜ್ಜೆ. ತೆಳು ಮೂಳೆಯಲ್ಲಿ ಒಂದು ಚೂರು ಕತ್ತರಿಸುವುದನ್ನ ಈಗ ಬೇಡ, ಇದರಲ್ಲಿ ಆಗದಿದ್ದರೆ ನೋಡೋಣ ಅಂದರು.

ಆ ಮಜ್ಜೆ ಕಥೆ ಹೇಳಲೇಬೇಕು. ಸೊಂಟಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಅರೆ ನಿದ್ದೆ ಬರಿಸಿದ್ದರು. ನಿದ್ದೆ ಅರ್ಧವೇ, ನೋಡಿ. ಪೆನ್ನಿನಷ್ಟು ದಪ್ಪದ ಸೂಜಿ, ಹಿಂದೆ ಹಿಡಿ ಇದೆ, ತಿರುಪುತ್ತಾ ತಿರುಪುತ್ತಾ ಮೂಳೆಗೆ ಇಳಿಸುತ್ತಾರೆ. ಕಾಯಿ ಸೀಬೆಕಾಯಿಗೆ ಸ್ಕ್ರೂಡ್ರೈವರ್ ತಿರುಗಿಸಿದ ಹಾಗೆ ಕರಕರ ಶಬ್ದ, ಕಿವಿಗಲ್ಲ, ಮೈಗೆ ಕೇಳುತ್ತೆ. ಅದರಲ್ಲಿ ನೋವಿಲ್ಲ. ಸಿರಿಂಜ್ ಎಳೆದಾಗ ಇದೆ ಮಜಾ. ಒಳಗಿನಿಂದ ಯಾರೋ ಬಾವಿ ಹಗ್ಗ ಜಗ್ಗಿದ ಹಾಗೆ ತೊಡೆಯವರೆಗೆ ಒಂದು ಸೆಳೆತ. ಎರಡು ಮೂರು ಎಂಎಲ್ ಎಳೆಯುವುದು, ಸೂಜಿ ಸ್ವಲ್ಪ ತಿರುಗಿಸುವುದು, ಮತ್ತೆ ಎಳೆಯುವುದು. ಎಲುಬುಗೂಡು ಸರ್ ಹೇಳಿದ ಹಾಗೇ. ಇಪ್ಪತ್ತರವರೆಗೆ ಎಣಿಸಿ ಬಿಟ್ಟೆ. ಆಮೇಲೆ ಯಾವುದೋ ಡಬ್ಬಿಯಲ್ಲಿ ಹಾಕಿ ಗುಂಯ್ ಅಂತ ತಿರುಗಿಸಿದರು, ಅಷ್ಟು ಹೊತ್ತು ನರ್ಸ್ ಒಬ್ಬರು ನನ್ನ ಹತ್ತಿರ ಮನೆ ಬಾಡಿಗೆ ವಿಚಾರಿಸುತ್ತಿದ್ದರು. ಕೊನೆಗೆ ಸಿ-ಆರ್ಮ್ ಅನ್ನುವ ಎಕ್ಸ್-ರೇ ಮಿಷನ್ನಿನ ಪರದೆಯಲ್ಲಿ ನೋಡುತ್ತಾ ಮುರಿದ ಜಾಗಕ್ಕೆ ಚುಚ್ಚಿದರು. ಗಾಢ ಕೆಂಪು, ಬೀಟ್‌ರೂಟ್ ರಸದ ತರ. ಅಷ್ಟೇ. ಒಂದು ಹೊಲಿಗೆ ಸ್ಕ್ರೂ ತೆಗೆದ ಕಡೆ, ಉಳಿದ ಕಡೆ ಬ್ಯಾಂಡೇಜ್ ಅಂಟಿಸಿದರು. ಸಂಜೆ ಮನೆ. ಮೂರು ದಿನ ಕಾಲಿಗಿಂತ ಸೊಂಟವೇ ಜಾಸ್ತಿ ನೋಯ್ತು.

ಮಾರನೇ ದಿನದಿಂದ ಭಾರ ಊರಿ ನಡೆಯುವುದು. ಸಂಜೆ ಫಿಸಿಯೋ ಅವರೇ, ನೀವು ಭಾರದ ಬಗ್ಗೆ ಕೇಳಿದ್ದು ಸರಿ.

ಸಂಜೆ ಫಿಸಿಯೋ

ಬಾತ್‌ರೂಮ್ ತೂಕದ ಮಿಷನ್ ಇದ್ದರೆ ಆ ಕಾಲನ್ನ ಅದರ ಮೇಲಿಟ್ಟು ಒತ್ತಿ ನೋಡಿ, ಎಷ್ಟು ಕೆಜಿ ಹಾಕುತ್ತಿದ್ದೀರಿ ಅಂತ ಗೊತ್ತಾಗುತ್ತೆ. ಭಯದಲ್ಲಿ ಇಪ್ಪತ್ತು ಕೆಜಿ ಹಾಕಿ ಪೂರ್ತಿ ಹಾಕಿದೆ ಅನ್ನುವವರೇ ಜಾಸ್ತಿ. ಡಾಕ್ಟರ್ ಹೇಳಿದ ಅಳತೆಗೆ ನಿಧಾನವಾಗಿ ಹೋಗಿ. ನೋವಿಗೆ ನೀವೇ ಮೆಡಿಕಲ್ ಸ್ಟೋರಿನಲ್ಲಿ ಡೈಕ್ಲೋಫೆನ್ಯಾಕ್ ತಗೊಂಡು ನುಂಗುತ್ತಾ ಕೂರಬೇಡಿ. ಅಂಥ ಮಾತ್ರೆ ತುಂಬಾ ದಿನ ತಗೊಂಡರೆ ಮೂಳೆ ಕೂಡೋಕೆ ಅಡ್ಡಿ ಅನ್ನುವ ಅನುಮಾನ ಇದೆ. ಡಾಕ್ಟರನ್ನ ಕೇಳಿ ಪ್ಯಾರಾಸಿಟಮಾಲ್‌ನಲ್ಲಿ ತಳ್ಳಿ.

ಕುಂಟುಕುದುರೆ (ಜುಲೈ 27)

ನಿನ್ನೆ ಎಕ್ಸ್-ರೇ ಆಯ್ತು. ಜೂನ್ ಮೊದಲ ವಾರದ್ದರಲ್ಲಿ ಮುರಿದ ಜಾಗದ ಸುತ್ತ ಊದುಬತ್ತಿ ಹೊಗೆಯಷ್ಟು ಬೆಳ್ಳಗೆ ಕಂಡಿತ್ತು, ಇದೆಯೋ ಇಲ್ಲವೋ ಅನ್ನುವ ಹಾಗೆ. ನಿನ್ನೆಯದ್ದರಲ್ಲಿ ನಾಲ್ಕು ಬದಿಯಲ್ಲಿ ಮೂರು ಬದಿ ಸೇತುವೆ ಕೂಡಿದೆ. ಡಾಕ್ಟರು "ಕೂಡಿದೆ ಅಂತ ಬರೆಯುತ್ತೇನೆ" ಅಂದರು. ಒಂದು ಊರುಗೋಲೂ ಇಲ್ಲದೆ ಅನ್ನಪೂರ್ಣೇಶ್ವರಿ ನಗರದ ಬಸ್ ಸ್ಟಾಪಿನವರೆಗೆ ನಡೆದು ಬಂದೆ. ಬೈಕ್ ಇನ್ನೂ ಮುಟ್ಟಿಲ್ಲ. ಮುಟ್ಟುವ ಮನಸ್ಸೂ ಇಲ್ಲ, ಮಳೆ ಶುರುವಾಗಿದೆ, ಅದೇ ಗುಂಡಿ ಅದೇ ಜಾಗದಲ್ಲಿ ಇದೆ.

ಗಾಂಧಿಬಜಾರ್ ದೋಸೆ

ಸೂಪರ್ ಗುರು! ಸೂಜಿ ಗೆದ್ದುಬಿಡ್ತು.

ಎಲುಬುಗೂಡು

ತುಂಬಾ ಸಂತೋಷ. ಆದರೆ ದೋಸೆಯವರೇ, ಗೆದ್ದಿದ್ದು ಸೂಜಿಯೇ ಅಂತ ಹೇಗೆ ಹೇಳ್ತೀರಿ? ಸ್ಕ್ರೂ ತೆಗೆದರು, ಅವರು ಊರಿ ನಡೆದರು, ಸಿಗರೇಟು ಬಿಟ್ಟರು, ವಿಟಮಿನ್ ಡಿ ತಗೊಂಡರು, ಮಜ್ಜೆ ಚುಚ್ಚಿಸಿಕೊಂಡರು. ಐದೂ ಒಂದೇ ತಿಂಗಳಲ್ಲಿ. ಬರೀ ಸ್ಕ್ರೂ ತೆಗೆದು ನಡೆಸಿದ್ದರೂ ಕೂಡುತ್ತಿತ್ತೇನೋ. ನನ್ನನ್ನ ಕೇಳಿದರೆ ಅದಕ್ಕೇ ಅರ್ಧಕ್ಕಿಂತ ಜಾಸ್ತಿ ಅಂಕ ಕೊಡುತ್ತೇನೆ. ನಾಳೆ ಇದನ್ನ ಓದಿ ರಾಡ್ ಸಡಿಲ ಇರುವ ಯಾರೋ ಒಬ್ಬರು ಸೀದಾ ಹೋಗಿ ಮಜ್ಜೆ ಚುಚ್ಚಿಸಿಕೊಂಡರೆ ದುಡ್ಡೂ ಹೋಗುತ್ತೆ, ಸೊಂಟವೂ ನೋಯುತ್ತೆ.

ಕುಂಟುಕುದುರೆ

ನೀವು ಹೇಳಿದ್ದು ನಿಜ ಸರ್. ಡಾಕ್ಟರೂ ಇದನ್ನೇ ಅಂದರು, "ಯಾವುದರಿಂದ ಆಯ್ತು ಅಂತ ನನಗೂ ಗೊತ್ತಿಲ್ಲ, ಸಿಗರೇಟು ಮಾತ್ರ ಮತ್ತೆ ಹಿಡೀಬೇಡಿ" ಅಂತ. ಅಮ್ಮ ಮಾತ್ರ ತೀರ್ಮಾನ ಮಾಡಿ ಆಗಿದೆ. ಮೇ ತಿಂಗಳಲ್ಲಿ ನನಗೆ ಗೊತ್ತಾಗದ ಹಾಗೆ ಯಾರ ಹತ್ತಿರವೋ ಎಣ್ಣೆ ತರಿಸಿ ಮೊಣಕಾಲಿಗೆ ಹಚ್ಚುತ್ತಿದ್ದಳು, ಅದರಿಂದಲೇ ಅಂತೆ.

ಹಾಂ, ಒಂದು ವಾಕರ್ ಮತ್ತು ಎರಡು ಊರುಗೋಲು ಇವೆ, ಅಲ್ಯೂಮಿನಿಯಂದು, ಕೆಳಗಿನ ರಬ್ಬರ್ ಹೊಸದು ಹಾಕಿಸಿದ್ದೇನೆ. ನಾಗರಭಾವಿ ಕಡೆ ಯಾರಿಗಾದರೂ ಬೇಕಿದ್ದರೆ ಸುಮ್ನೆ ಕೊಡುತ್ತೇನೆ, ದುಡ್ಡು ಬೇಡ.

ವಿಜಯನಗರ ಅಕ್ಕ

ವಾಕರ್ ನನಗೆ ಬೇಕಪ್ಪ. ತಾಯಿಗೆ ಸಿಮೆಂಟ್ ಹಾಕಿಸಲಿಲ್ಲ, ನೋವು ತಾನೇ ಇಳಿದಿದೆ, ದಿನಾ ಪೆನ್ ಚುಚ್ಚುತ್ತಿದ್ದೇವೆ. ಬಚ್ಚಲಿಗೆ ಹೋಗುವಾಗ ಮಾತ್ರ ಗೋಡೆ ಹಿಡಿದುಕೊಳ್ಳುತ್ತಾರೆ. ಎತ್ತರ ಕಮ್ಮಿ ಮಾಡೋಕೆ ಆಗುತ್ತಾ? ಅವರು ಐದಡಿಯೂ ಇಲ್ಲ.

ಕುಂಟುಕುದುರೆ

ಆಗುತ್ತೆ ಅಕ್ಕ, ಕಾಲಿಗೆ ಬಟನ್ ಇದೆ, ಒತ್ತಿ ಒಳಗೆ ತಳ್ಳಿದರೆ ಆಯ್ತು. ಭಾನುವಾರ ನಾನೇ ತಂದುಕೊಡುತ್ತೇನೆ. ಬಸ್ಸಿನಲ್ಲಿ.